ಲಿಮಿಟ್ ಇಲ್ಲದ ಮೇಜು

ನೀರು ಸರಬರಾಜು ಕಚೇರಿಯ ನಮ್ಮ ಗುಮಾಸ್ತರು ಸುಳ್ಳು ಹೇಳುವ ಮನುಷ್ಯರಲ್ಲ. ಇಪ್ಪತ್ತೆರಡು ವರ್ಷ ಬಿಲ್ ಕಟ್ಟುವ ಕಿಂಡಿಯ ಹಿಂದೆ ಕುಳಿತು, ಒಡೆದ ಮೀಟರು, ಸೋರುವ ನಲ್ಲಿ, ಬಾರದ ನೀರಿಗೆ ಬಂದ ಬಿಲ್ಲು, ಇವುಗಳ ಬಗ್ಗೆ ಜನ ಬೈದದ್ದನ್ನೆಲ್ಲ ಕೇಳಿಸಿಕೊಂಡು, ಎಲ್ಲಕ್ಕೂ "ನೋಡೋಣ" ಎಂಬ ಒಂದೇ ಉತ್ತರ ಕೊಟ್ಟು ಬಾಳಿದವರು. "ನೋಡೋಣ" ಎನ್ನುವುದು ಸುಳ್ಳಲ್ಲ. ಯಾರು, ಯಾವಾಗ, ಏನನ್ನು ನೋಡಬೇಕು ಎಂಬುದನ್ನು ಅದರಲ್ಲಿ ಹೇಳಿರುವುದಿಲ್ಲ, ಅಷ್ಟೆ. ಅಂಥವರು ಒಂದು ಭಾನುವಾರ ಮಧ್ಯಾಹ್ನ, ಹೊಟ್ಟೆ ತುಂಬ ಊಟ ಮಾಡಿದ ಮೇಲೆ, ಯಾರೂ ಬಲವಂತ ಮಾಡದಿದ್ದರೂ ಒಂದು ಸುಳ್ಳು ಹೇಳಿಬಿಟ್ಟರು. ಅದಕ್ಕೆ ಕಾರಣ ಅವರ ಷಡ್ಡಕ.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ಮುಖ್ಯರಸ್ತೆಯಲ್ಲಿ ಬಚ್ಚಲುಮನೆ ಸಾಮಾನಿನ ದೊಡ್ಡ ಅಂಗಡಿ ಇಟ್ಟವರು. ಟೈಲ್ಸು, ನಲ್ಲಿ, ಬೇಸಿನ್ನು, ಕಮೋಡು ಎಲ್ಲ ಗಾಜಿನ ಹಿಂದೆ ದೀಪ ಹಾಕಿಸಿಕೊಂಡು ನಿಂತಿರುತ್ತಿದ್ದವು. ಇವರು ತಿಂಗಳಿಗೊಮ್ಮೆ ಗುಮಾಸ್ತರನ್ನೂ ಅವರ ಹೆಂಡತಿಯನ್ನೂ ಊಟಕ್ಕೆ ಕರೆಯುತ್ತಿದ್ದರು. ಊಟ ನೆಪ, ಹೊಸದಾಗಿ ಕೊಂಡದ್ದನ್ನು ತೋರಿಸುವುದು ಕಾರ್ಯಕ್ರಮ. ಹೋದ ಸಲ ಕೊಂಡದ್ದು ಬೆನ್ನು ಒತ್ತುವ ಕುರ್ಚಿ. ಗುಮಾಸ್ತರು ಅದರಲ್ಲಿ ಕುಳಿತು, ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಕೇಳಲು ಮಾನ ಅಡ್ಡಬಂದು, ಇಪ್ಪತ್ತು ನಿಮಿಷ ನಡುಗುತ್ತಲೇ ಸಂಭಾಷಣೆ ನಡೆಸಿದ್ದರು. ಈ ಸಲ ಷಡ್ಡಕರು ಕೊಂಡದ್ದು ವಸ್ತುವಲ್ಲ, ಹವ್ಯಾಸ.

"ಈಗ ನಾನು ಪೋಕರ್ ಆಡ್ತಾ ಇದೀನಿ," ಎಂದರು ಷಡ್ಡಕರು, ಕೈ ಒರೆಸಿಕೊಳ್ಳುತ್ತ. "ಇಸ್ಪೀಟೇ. ಆದ್ರೆ ನಿಮ್ಮ ರಮ್ಮಿ ಗಿಮ್ಮಿ ಥರ ಅಲ್ಲ. ಇದಕ್ಕೆ ತಲೆ ಬೇಕು. ಮುಖದ ಮೇಲೆ ಹಿಡಿತ ಬೇಕು. ನಿಮಗೆ ಅದೆಲ್ಲ ಆಗಿ ಬರಲ್ಲ ಬಿಡಿ, ಗುಮಾಸ್ತರೇ."

ಅತ್ತಿಗೆ ನಕ್ಕರು. ಗುಮಾಸ್ತರ ಹೆಂಡತಿ ತಟ್ಟೆ ನೋಡಿದರು. ಹೆಂಡತಿಯೂ ನಕ್ಕಿದ್ದರೆ ಗುಮಾಸ್ತರು ಸಹಿಸುತ್ತಿದ್ದರು. ಆಕೆ ತಟ್ಟೆ ನೋಡಿದ್ದೇ ಮನಸ್ಸಿಗೆ ನಾಟಿಬಿಟ್ಟಿತು.

"ಆಡ್ತೀನಲ್ಲ," ಎಂಬ ಮಾತು ಬಾಯಿಂದ ಹೊರಟಿತು. ಹೊರಟದ್ದನ್ನು ಅಲ್ಲಿಗೇ ಬಿಟ್ಟಿದ್ದರೆ ಬದುಕುತ್ತಿದ್ದರು. ಆದರೆ ಬಸ್‌ಸ್ಟಾಪಿನ ಎದುರಿನ ಮೊಬೈಲ್ ಅಂಗಡಿಯ ಮೇಲೆ ಅವತ್ತು ಬೆಳಿಗ್ಗೆ ಓದಿದ್ದ ಇಂಟರ್ನೆಟ್ ಪ್ಯಾಕಿನ ಬ್ಯಾನರು ಕಣ್ಣ ಮುಂದೆ ಬಂತು. "ಆದ್ರೆ ಅಣ್ಣ, ನಾನು ಆಡೋದು ನೋ ಲಿಮಿಟ್ ಮಾತ್ರ."

ಪೋಕರಿನಲ್ಲಿ ಆ ಹೆಸರಿನ ಆಟ ನಿಜವಾಗಿಯೂ ಇದೆ, ಅದರಲ್ಲಿ ಎಷ್ಟು ಬೇಕಾದರೂ ಪಣಕ್ಕಿಡಬಹುದು ಎಂಬುದು ಗುಮಾಸ್ತರಿಗೆ ಗೊತ್ತಿರಲಿಲ್ಲ. ಷಡ್ಡಕರ ಮುಖ ನೋಡಿ ಗೊತ್ತಾಯಿತು. ನೀರಿನ ಲೋಟ ತುಟಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು.

"ನೋ ಲಿಮಿಟ್ಟಾ? ಅದು ದೊಡ್ಡೋರ ಆಟ ಅಲ್ವಾ?"

"ಅಭ್ಯಾಸ ಆದ್ರೆ ಏನಿಲ್ಲ."

"ಈ ಊರಲ್ಲಿ ನೋ ಲಿಮಿಟ್ ಮೇಜು ಎಲ್ಲೂ ಇಲ್ಲ ಅಂತಾರಲ್ಲ! ಎಲ್ಲಿ ಆಡ್ತೀರಿ?"

"ಅದನ್ನ ಎಲ್ಲರಿಗೂ ಹೇಳೋದಿಲ್ಲ."

"ನಾನೇನು ಹೊರಗಿನೋನಾ? ಬರೋ ಭಾನುವಾರ ನನ್ನನ್ನೂ ಕರ್ಕೊಂಡು ಹೋಗಿ."

"ನೋಡೋಣ."

"ನೋಡೋಣ ಅಲ್ಲ. ಮಧ್ಯಾಹ್ನ ಮೂರಕ್ಕೆ ಕಾರ್ ತರ್ತೀನಿ."

ಇಪ್ಪತ್ತೆರಡು ವರ್ಷ ಸಾವಿರಾರು ಜನರನ್ನು ಮನೆಗೆ ಕಳಿಸಿದ ಆ ಪದ ಮೊದಲ ಸಲ ಕೈಕೊಟ್ಟಿತು.

ದಾರಿಯಲ್ಲಿ ಹೆಂಡತಿ ಕೇಳಿದರು: "ರೀ, ಯಾವಾಗಿಂದ ಆಡ್ತಿದೀರಿ?"

"ಆಗಾಗ."

"ಮಕ್ಕಳ ಜೊತೆ ಕತ್ತೆ ಆಟಕ್ಕೆ ಕೂತು ಒಂದೇ ದಿನ ಹದಿನಾಲ್ಕು ಸಲ ಕತ್ತೆ ಆದೋರು ನೀವು."

"ಅದು ಬೇರೆ. ಅದರಲ್ಲಿ ಲಿಮಿಟ್ ಇದೆ."

ಹೆಂಡತಿ ದಾರಿಯಲ್ಲೇ ನಿಂತು ಹೇಳಿದರು: "ನೋಡಿ, ಆಡೋದು ನಿಜ ಆದ್ರೆ ಅಕ್ಕನ ಎದುರಿಗೆ ಒಂದು ಸಲನಾದ್ರೂ ತಲೆ ಎತ್ತಿ ಕೂರ್ತೀನಿ. ಸುಳ್ಳಾದ್ರೆ ನಾನು ಆ ಮನೆ ಮೆಟ್ಟಿಲು ಹತ್ತಲ್ಲ. ನೀವೇ ಹೋಗಿ ಆ ಕುರ್ಚಿಲಿ ಕೂತ್ಕೊಂಡು ನಡುಗಿ."

ಹೀಗೆ ಆರು ದಿನಗಳೊಳಗೆ ಊರಿನಲ್ಲಿ ಒಂದು ನೋ ಲಿಮಿಟ್ ಮೇಜು ಹುಡುಕುವ ಹೊಣೆ, ಇಸ್ಪೀಟಿನಲ್ಲಿ ಎಷ್ಟು ಎಲೆ ಇರುತ್ತವೆ ಎಂಬುದನ್ನೂ ಖಚಿತವಾಗಿ ಹೇಳಲಾರದ ಒಬ್ಬ ಮನುಷ್ಯನ ತಲೆ ಮೇಲೆ ಬಿತ್ತು.

ಸೋಮವಾರ ಊಟದ ಬಿಡುವಿನಲ್ಲಿ ಅವರು ಟೆನಿಸ್ ಅಂಗಳದ ಪಕ್ಕದ ಕ್ಲಬ್ಬಿಗೆ ಹೋದರು. ಟೈ ಕಟ್ಟಿದ ಮ್ಯಾನೇಜರು ಎದ್ದು ನಿಂತರು. ಗುಮಾಸ್ತರು ಸುತ್ತ ನೋಡಿ, ಔಷಧದ ಅಂಗಡಿಯಲ್ಲಿ ಹೇಳಿಕೊಳ್ಳಲಾಗದ ಕಾಯಿಲೆಗೆ ಮಾತ್ರೆ ಕೇಳುವವರ ಹಾಗೆ ಕೇಳಿದರು: "ಇಲ್ಲಿ ಇಸ್ಪೀಟಲ್ಲಿ... ನೋ ಲಿಮಿಟ್ ಸಿಗುತ್ತಾ?"

"ಯಾಕೆ ಸಿಗಲ್ಲ ಸಾರ್! ಇದೆ," ಎಂದು ಮ್ಯಾನೇಜರು ದಪ್ಪನೆಯ ಪುಸ್ತಕ ಬಿಚ್ಚಿದರು. "ನಾಲ್ಕಕ್ಕೆ ಶುರು, ಐದೂವರೆಗೆ ಬಂದ್. ದಿನಕ್ಕೆ ಮೂರು ಆಟ. ಒಂದು ಆಟಕ್ಕೆ ಇಷ್ಟೇ ಕಟ್ಟಬೇಕು ಅಂತ ಗೋಡೆ ಮೇಲೆ ಬರೆದಿದೆ. ಒಬ್ಬರಿಗೆ ಎರಡೇ ಕಾಫಿ. ಜೋರಾಗಿ ನಗೋ ಹಾಗಿಲ್ಲ. ಚಪ್ಪಲಿ ಹಾಕ್ಕೊಂಡು ಬರೋ ಹಾಗಿಲ್ಲ." ಹೀಗೆ ಹೇಳಿ ಗುಮಾಸ್ತರ ಪಾದ ನೋಡಿದರು.

"ಇದೆಲ್ಲ ಲಿಮಿಟ್ ಅಲ್ವಾ?"

"ಛೆ ಛೆ. ಇವೆಲ್ಲ ನಿಯಮ ಸಾರ್."

"ಸದಸ್ಯ ಆಗಬೇಕು ಅಂದ್ರೆ?"

"ಹನ್ನೊಂದು ವರ್ಷ ಕಾಯಬೇಕಾಗುತ್ತೆ. ಇರೋ ಸದಸ್ಯರಲ್ಲಿ ಯಾರಾದ್ರೂ ತೀರಿಕೊಂಡ್ರೆ ಬೇಗ ಆಗುತ್ತೆ." ಮ್ಯಾನೇಜರು ದನಿ ತಗ್ಗಿಸಿ ಧೈರ್ಯ ಹೇಳಿದರು: "ಇಬ್ಬರಿಗೆ ಹುಷಾರಿಲ್ಲ."

ಭಾನುವಾರದೊಳಗೆ ಇಬ್ಬರೂ ಹೋಗುವ ಭರವಸೆ ಇಲ್ಲವೆಂದು ಗುಮಾಸ್ತರು ಹೊರಬಂದರು. ಹೊರಬರುವಾಗ ಕಚೇರಿಯ ಟೈಪಿಸ್ಟ್ ಬೀದಿಯ ಆಚೆ ಬದಿಯಲ್ಲಿ ನಿಂತು ನೋಡಿದಳು. ನೋಡಿದ್ದು ಅವಳ ತಪ್ಪಲ್ಲ. ಆದರೆ ಅವಳು ಒಳಗೆ ಹೋಗಿ, ಮೇಷ್ಟ್ರ ಹತ್ತಿರ ದೂರು ಹೇಳುವ ಮಗುವಿನಷ್ಟು ಉತ್ಸಾಹದಿಂದ ಮ್ಯಾನೇಜರನ್ನು ವಿಚಾರಿಸಿಕೊಂಡು ಬಂದಳಲ್ಲ, ಅದನ್ನು ಕರ್ತವ್ಯನಿಷ್ಠೆ ಎಂದೇ ಕರೆಯಬೇಕು.

ಮಂಗಳವಾರ ಹನ್ನೊಂದು ಗಂಟೆಗೆ ಸೂಪರಿಂಟೆಂಡೆಂಟರು ಕರೆಸಿದರು. ಕೊಠಡಿಯ ಬಾಗಿಲು ತೆರೆದೇ ಇತ್ತು. ಹೊರಗಿನ ಹದಿನಾರು ಜನಕ್ಕೂ ಕೇಳಲೆಂದು ಅವರು ಬೇಕಂತಲೇ ಹಾಗೆ ಬಿಟ್ಟಿದ್ದರು.

"ಇದು ನೀರಿನ ಕಚೇರಿ ರೀ! ಇಲ್ಲಿ ಒಂದು ತೊಟ್ಟೂ ಅಳತೆ ತಪ್ಪಿ ಹೋಗಲ್ಲ!" ಎಂದು ಮೇಜು ಗುದ್ದಿದರು. ಗುದ್ದಿದ ಏಟಿಗೆ ಹಿಂದಿನ ಗೋಡೆಯ ನಲ್ಲಿ ಇನ್ನೆರಡು ತೊಟ್ಟು ಸುರಿಸಿತು. "ಇಂಥ ಕಚೇರಿಯಲ್ಲಿ ಇದ್ದುಕೊಂಡು ಲಿಮಿಟ್ ಇಲ್ಲದ ಜೂಜಾ? ಇವತ್ತಿಂದ ನೀವು ಕ್ಯಾಷ್ ಕಿಂಡಿಲಿ ಕೂರೋ ಹಾಗಿಲ್ಲ. ಹಳೇ ಮೀಟರಿನ ಗೋದಾಮಿಗೆ ಹೋಗಿ!"

"ಸಾರ್, ನನ್ನ ಮಾತು ಸ್ವಲ್ಪ..."

ಸೂಪರಿಂಟೆಂಡೆಂಟರು ಎದ್ದು ಹೋಗಿ ಬಾಗಿಲು ಹಾಕಿದರು. ಚಿಲಕವನ್ನೂ ಹಾಕಿದರು. ತಿರುಗಿ ಬರುವಷ್ಟರಲ್ಲಿ ಅವರ ಮುಖ ಬೇರೆಯೇ ಆಗಿತ್ತು.

"ಎಲ್ಲಿ ಆಡೋದು?"

"ಏನು ಸಾರ್?"

"ಅದೇ. ನೋ ಲಿಮಿಟ್ಟು. ನಾನೂ ಕಾಲೇಜಲ್ಲಿ ಕೈ ಆಡಿಸಿದೋನೇ. ಭಾನುವಾರ ಮಧ್ಯಾಹ್ನ ಅಂತೆ? ನಿಮ್ಮ ಷಡ್ಡಕರು ಅಂಗಡಿಗೆ ಬಂದೋರಿಗೆಲ್ಲ ಹೇಳ್ತಿದಾರಂತೆ."

"ಸಾರ್, ನಿಜ ಹೇಳ್ತೀನಿ. ನನಗೆ ಆಡೋಕೇ ಬರಲ್ಲ."

ಸೂಪರಿಂಟೆಂಡೆಂಟರು ಗುಮಾಸ್ತರ ಭುಜ ತಟ್ಟಿ, ಶಿಷ್ಯನ ಪ್ರಗತಿ ಕಂಡ ಗುರುವಿನಂತೆ ತಲೆದೂಗಿದರು. "ಹೀಗಿರಬೇಕು! ಒಳ್ಳೆ ಆಟಗಾರ ಯಾವತ್ತೂ ಒಪ್ಪಲ್ಲ."

ಗೋದಾಮಿನಲ್ಲಿ, ಸತ್ತುಹೋದ ನಾಲ್ಕು ಸಾವಿರ ಮೀಟರುಗಳ ಮಧ್ಯೆ ಕುಳಿತು ಗುಮಾಸ್ತರು ಯೋಚಿಸಿದರು. ಸುಳ್ಳು ಹೇಳಿದ್ದಕ್ಕೆ ಶಿಕ್ಷೆಯಾದದ್ದು ಸರಿ. ಆದರೆ ನಿಜ ಹೇಳಿದರೆ ಶಹಭಾಸ್ ಎನ್ನುತ್ತಾರಲ್ಲ, ಇದಕ್ಕೇನು ಮಾಡುವುದು?

ಬುಧವಾರ ಮನೆಯ ಬಾಗಿಲ ಸಂದಿಯಿಂದ ಒಂದು ಪತ್ರ ಒಳಗೆ ಬಂದಿತ್ತು. ಮನೆ ಮಾಲೀಕರು ಮಹಡಿಯ ಮೇಲಿದ್ದರು, ನಿವೃತ್ತ ಹೆಡ್‌ಮಾಸ್ತರು. ಹನ್ನೆರಡು ಮೆಟ್ಟಿಲು ಇಳಿದರೆ ಬಾಯಲ್ಲೇ ಹೇಳಬಹುದಾದದ್ದನ್ನು ಬರವಣಿಗೆಯಲ್ಲಿ ಕೊಡುವುದು ಅವರ ಪದ್ಧತಿ. ಹೆಂಡತಿ ಅದನ್ನು ಗಟ್ಟಿಯಾಗಿ ಓದಿದರು. ಜೂಜು ಹೇಗೆ ಮನೆಗಳನ್ನು ಹಾಳುಮಾಡಿದೆ, ಸಾಮ್ರಾಜ್ಯಗಳನ್ನು ಹಾಳುಮಾಡಿದೆ, ಕಣ್ಣಿನ ದೃಷ್ಟಿಯನ್ನೂ ಹಾಳುಮಾಡುತ್ತದೆ ಎಂದು ಎರಡು ಪುಟ. ತಮ್ಮಂಥವರು ಈ ಮನೆಯಲ್ಲಿ ಮುಂದುವರಿಯುವ ಬಗ್ಗೆ ಮರುಚಿಂತನೆ ಅಗತ್ಯ ಎಂದು ಕೊನೆಯ ಸಾಲು. ಸಹಿ. ಸಹಿಯ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ:

"ವಿ.ಸೂ.: ಭಾನುವಾರ ಹೋಗುವಾಗ ನಮ್ಮ ಬಾಗಿಲು ತಟ್ಟುವುದು."

ಹೆಂಡತಿ ಪತ್ರ ಮಡಿಸಿದರು. "ಊರೆಲ್ಲ ಗೊತ್ತಾಗಿದೆ. ಅಂದ್ರೆ ನಿಜಾನೇ ಆಡ್ತೀರಿ ಅನ್ನಿ," ಎಂದರು. ಆ ದನಿಯಲ್ಲಿ ಹದಿನೆಂಟು ವರ್ಷದ ದಾಂಪತ್ಯದಲ್ಲಿ ಗುಮಾಸ್ತರು ಕೇಳದಿದ್ದ ಒಂದು ಸಣ್ಣ ಮರ್ಯಾದೆ ಇತ್ತು. ಬಾಯಿಗೆ ಬಂದಿದ್ದ ನಿಜವನ್ನು ಅವರು ನೀರಿನ ಜೊತೆ ನುಂಗಿಕೊಂಡರು.

ಗುರುವಾರ ಸಂಜೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಸೈಕಲ್ ಅಂಗಡಿಯ ಮೇಲೆ ಇಸ್ಪೀಟಿನ ಕೋಣೆಯೊಂದು ಇದೆಯೆಂಬ ಸುದ್ದಿ ಹಿಡಿದು ಹೋದರು. ಮೆಟ್ಟಿಲಿನ ಬುಡದಲ್ಲಿ ಒಬ್ಬ ಹೆಡ್ ಕಾನ್‌ಸ್ಟೇಬಲ್ ನಿಂತಿದ್ದ. ಗುಮಾಸ್ತರು ಎರಡು ಸಲ ಮುಂದೆ ಹೋಗಿ ಎರಡು ಸಲ ಹಿಂದೆ ಬಂದರು. ಮೂರನೇ ಸಲಕ್ಕೆ ಆತ ಲಾಠಿ ಅಡ್ಡ ಹಿಡಿದ.

"ಏನ್ ಸ್ವಾಮಿ, ಏನು ಹುಡುಕ್ತಿದೀರಿ?"

ಹೆದರಿಕೆಯಲ್ಲಿ ಬಾಯಿಂದ ನಿಜವೇ ಬಂತು: "ನೋ ಲಿಮಿಟ್."

"ಲಿಮಿಟ್ಟಾ?" ಹೆಡ್ ಕಾನ್‌ಸ್ಟೇಬಲನಿಗೆ ಪ್ರಶ್ನೆ ಇಷ್ಟವಾಯಿತು. ಅವನ ಇಲಾಖೆಯಲ್ಲಿ ಲಿಮಿಟ್ ಎಂದರೆ ಠಾಣೆಯ ಸರಹದ್ದು. "ಹೇಳ್ತೀನಿ ಕೇಳಿ. ಆ ಕಂಬದವರೆಗೆ ನಮ್ಮ ಸ್ಟೇಷನ್ ಲಿಮಿಟ್ಟು. ಚರಂಡಿಯಿಂದ ಆಚೆ ಪಕ್ಕದ ಸ್ಟೇಷನ್ನಿನವರ ಲಿಮಿಟ್ಟು. ಮಧ್ಯೆ ನಿಂತಿದೆಯಲ್ಲ ಈ ಕಟ್ಟಡ, ಇದು ಯಾರ ಲಿಮಿಟ್ಟೂ ಅಲ್ಲ. ಎಂಟು ವರ್ಷದಿಂದ ಕಾಗದ ಓಡಾಡ್ತಾ ಇದೆ. ಇಲ್ಲಿ ಸೈಕಲ್ ಕಳುವಾದ್ರೆ ನಾವು ಅವರ ಹತ್ರ ಕಳಿಸ್ತೀವಿ, ಅವರು ನಮ್ಮ ಹತ್ರ ಕಳಿಸ್ತಾರೆ. ನಡೆದು ನಡೆದು ಜನಕ್ಕೆ ಸೈಕಲ್ಲೇ ಬೇಡ ಅನ್ಸಿಬಿಡುತ್ತೆ."

"ಹಾಗಾದ್ರೆ ಇದು... ನೋ ಲಿಮಿಟ್?"

"ಈ ಊರಲ್ಲಿ ಅಂತ ಇದ್ರೆ ಇದೊಂದೇ ಸ್ವಾಮಿ!"

ಗುಮಾಸ್ತರಿಗೆ ಅವನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಪೊಲೀಸ್ ಇಲಾಖೆಯೇ ಖುದ್ದಾಗಿ ತೋರಿಸಿಕೊಟ್ಟ ಮೇಲೆ ಇನ್ನೇನು! ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು.

ಮೇಲೆ ಒಂದು ಉದ್ದನೆಯ ಕೋಣೆ. ಒಂದು ಮೇಜು, ಆರು ಕುರ್ಚಿ, ತಿರುಗುವುದಕ್ಕಿಂತ ಹೆಚ್ಚಾಗಿ ನರಳುವ ಒಂದು ಫ್ಯಾನು. ಆ ಇಸ್ಪೀಟಿನ ಕೋಣೆಯ ಸೆಕ್ರೆಟರಿ ಮೂಲೆಯಲ್ಲಿ ಕುಳಿತು ತನ್ನ ಜೊತೆ ತಾನೇ ಇಸ್ಪೀಟು ಆಡುತ್ತ, ಸೋಲುತ್ತಿದ್ದ.

"ನೋ ಲಿಮಿಟ್ ಪೋಕರ್ ಇದೆಯಾ?"

"ಎಷ್ಟು ಜನ ಬರ್ತೀರಿ?"

"ನಾಲ್ಕೈದು ಜನ ಆಗಬಹುದು."

"ಹಾಗಾದ್ರೆ ಇದೆ."

"ಒಂದು ಸಲ ಸುಮ್ಮನೆ... ಹೇಗೆ ಆಡೋದು ಅಂತ ತೋರಿಸ್ತೀರಾ?"

ಸೆಕ್ರೆಟರಿ ಎದ್ದು ನಿಂತ. "ನೀರಿನ ಕಚೇರಿಯೋರು ಅಲ್ವಾ ನೀವು? ಆ ದೊಡ್ಡ ಕ್ಲಬ್ಬಿನ ಮೇಜು ಸಣ್ಣದಾಯ್ತು ಅಂತ ಎದ್ದು ಬಂದ್ರಂತೆ! ನಿಮಗೆ ನಾನು ತೋರಿಸೋದಾ? ತಮಾಷೆ ಮಾಡಬೇಡಿ ಸಾರ್."

ಶನಿವಾರದ ಹೊತ್ತಿಗೆ ಮೆಟ್ಟಿಲ ಬಾಯಲ್ಲಿ ಹೊಸ ಬೋರ್ಡು ನೇತಾಡುತ್ತಿತ್ತು: "ಮಹಡಿಯಲ್ಲಿ ನೋ ಲಿಮಿಟ್ ಇದೆ. ಪಂಕ್ಚರ್ ಕೆಳಗೆ."

ಭಾನುವಾರ ಮೂರಕ್ಕೆ ಸರಿಯಾಗಿ ಕಾರು ಬಂತು. ಷಡ್ಡಕರು ಕಪ್ಪು ಕನ್ನಡಕ ಹಾಕಿದ್ದರು. ಕಣ್ಣು ನೋಡಿ ಎಲೆ ಹೇಳಿಬಿಡುತ್ತಾರೆಂದು ಎಲ್ಲೋ ಓದಿದ್ದರಂತೆ. ಅದನ್ನು ಹಾಕಿಕೊಂಡೇ ಮೆಟ್ಟಿಲು ಹತ್ತಿ ಎರಡು ಕಡೆ ಮಂಡಿ ತಗುಲಿಸಿಕೊಂಡರು. ಹೆಡ್‌ಮಾಸ್ತರು ಹಿಂದಿನ ಸೀಟಿನಲ್ಲಿ ಕುಳಿತು ಬಂದವರು, ಇಳಿಯುತ್ತ ಘೋಷಿಸಿದರು: "ಮನುಷ್ಯ ಎಷ್ಟು ಕೆಡಬಹುದು ಅಂತ ಕಣ್ಣಾರೆ ನೋಡೋಕೆ ಬಂದಿದೀನಿ, ಅಷ್ಟೆ." ಮೇಲೆ ಸೂಪರಿಂಟೆಂಡೆಂಟರು ಆಗಲೇ ಇದ್ದರು. ಗುಮಾಸ್ತರನ್ನು ಕಂಡು ಗೋಡೆ ಕಡೆ ತಿರುಗಿ, "ಇಲ್ಲಿ ನೀರಿನ ಮೀಟರ್ ಎಲ್ಲಿದೆ ಅಂತ ನೋಡ್ತಿದ್ದೆ," ಎಂದರು. ಹೆಡ್ ಕಾನ್‌ಸ್ಟೇಬಲ್ ಹೂವಿನ ಚಿತ್ತಾರದ ಅಂಗಿ ತೊಟ್ಟು, ಇದು ತನ್ನ ಲಿಮಿಟ್ ಅಲ್ಲವಾದ್ದರಿಂದ ತಾನು ಇಲ್ಲಿ ಇಲ್ಲ ಎಂದು ಎಲ್ಲರಿಗೂ ಸ್ಪಷ್ಟಪಡಿಸಿದ. ಆರನೆಯವನೊಬ್ಬ ಪರಸ್ಥಳದವನು, ಔಷಧ ಕಂಪನಿಯ ಪ್ರತಿನಿಧಿ. ಕೊರಳಿಗೆ ಟೈ, ಕಾಲ ಬಳಿ ದಪ್ಪ ಚೀಲ. ಆರು ಗಂಟೆಯ ಬಸ್ಸಿಗೆ ಕಾಯುತ್ತ ಬೋರ್ಡು ನೋಡಿ ಹತ್ತಿ ಬಂದಿದ್ದ.

ಸೆಕ್ರೆಟರಿ ಇಸ್ಪೀಟಿನ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಗುಮಾಸ್ತರ ಮುಂದೆ ಇಟ್ಟ. "ತಾವೇ ಹಂಚಬೇಕು ಸಾರ್."

ಗುಮಾಸ್ತರು ಹಂಚಲು ಶುರುಮಾಡಿದರು. ಪೋಕರಿಗೆ ತಲಾ ಎಷ್ಟು ಎಲೆ? ಗೊತ್ತಿಲ್ಲ. ಯಾರಾದರೂ "ಸಾಕು" ಎನ್ನುತ್ತಾರೆಂದು ಒಂದೊಂದೇ ಎಲೆ ಹಾಕುತ್ತ ಹೋದರು. ಮೂರಾಯಿತು, ನಾಲ್ಕಾಯಿತು. ಸೂಪರಿಂಟೆಂಡೆಂಟರು ಷಡ್ಡಕರನ್ನು ನೋಡಿದರು. ಷಡ್ಡಕರು ಕಪ್ಪು ಕನ್ನಡಕದೊಳಗಿಂದ ಹೆಡ್‌ಮಾಸ್ತರನ್ನು ನೋಡಿದರು. ಹೆಡ್‌ಮಾಸ್ತರು ಫ್ಯಾನು ನೋಡಿದರು. ಮೊದಲು ಬಾಯಿಬಿಟ್ಟವನು ದಡ್ಡನೆಂದಾಗುತ್ತದಲ್ಲ! ಆರಾಯಿತು, ಏಳಾಯಿತು. ಕಟ್ಟೇ ಮುಗಿದುಹೋಯಿತು. ಕೆಲವರಿಗೆ ಒಂಬತ್ತು ಎಲೆ ಬಂದಿದ್ದವು, ಕೆಲವರಿಗೆ ಎಂಟು. ಎಂಟು ಬಂದವರೂ ಒಂಬತ್ತು ಬಂದವರೂ ಅದೇ ನ್ಯಾಯವೆಂಬಂತೆ ಗಂಭೀರವಾಗಿ ಜೋಡಿಸಿಕೊಂಡರು.

"ಕೈಗೆ ಎರಡೇ ಎಲೆ ಅಲ್ವಾ ಕೊಡೋದು?" ಎಂದ ಔಷಧದವನು.

ಐದು ತಲೆಗಳು ಅವನ ಕಡೆ ತಿರುಗಿದವು. ಷಡ್ಡಕರು ಕರುಣೆಯಿಂದ ಹೇಳಿದರು: "ಅದು ಲಿಮಿಟ್ ಇರೋ ಆಟದಲ್ಲಿ."

ಪಣಕ್ಕಿಡಲು ಬಿಲ್ಲೆಗಳು ಇರಲಿಲ್ಲ. ಸೆಕ್ರೆಟರಿ ಕೆಳಗಿನ ಅಂಗಡಿಯಿಂದ ಒಂದು ಡಬ್ಬಿ ಉಕ್ಕಿನ ಗುಂಡು ತಂದುಕೊಟ್ಟ, ಸೈಕಲ್ ಚಕ್ರದೊಳಗೆ ಹಾಕುವಂಥವು. ಮೇಜಿನ ಒಂದು ಕಾಲು ಗಿಡ್ಡ. ಷಡ್ಡಕರು ಘನತೆಯಿಂದ ಮುಂದಕ್ಕೆ ತಳ್ಳಿದ ಹತ್ತು ಗುಂಡುಗಳು ಅಷ್ಟೇ ಘನತೆಯಿಂದ ಉರುಳಿ ಹೆಡ್‌ಮಾಸ್ತರ ಮಡಿಲಿಗೆ ಬಿದ್ದವು. ಹೆಡ್‌ಮಾಸ್ತರು ತಾವು ಗೆದ್ದೆವೆಂದು ತಿಳಿದು ಅವನ್ನು ಜೇಬಿಗೆ ಹಾಕಿಕೊಂಡರು. ಅದರ ಮೇಲೆ ಒಂದು ಸಣ್ಣ ವಾಗ್ವಾದವಾಯಿತು.

"ಈ ಗೋಲಿ ಆಟ ಸಾಕು," ಎಂದು ಷಡ್ಡಕರು ರೇಗಿ, ಕೈಗಡಿಯಾರ ಬಿಚ್ಚಿ ಮೇಜಿನ ನಡುವೆ ಇಟ್ಟರು. ವಿದೇಶದಿಂದ ತರಿಸಿದ್ದು, ಸಮಯವನ್ನು ಬಿಟ್ಟು ಉಳಿದುದನ್ನೆಲ್ಲ ತೋರಿಸುವಂಥದ್ದು. "ನೋ ಲಿಮಿಟ್ ತಾನೆ? ಬನ್ನಿ!"

ಈಗ ಹಿಂದೆ ಸರಿದರೆ ಮಾನ ಹೋದಂತೆ. ಸೂಪರಿಂಟೆಂಡೆಂಟರು ಆದೇಶಗಳಿಗೆ ಸಹಿ ಹಾಕುವ ಪೆನ್ನು ಇಟ್ಟರು. ಹೆಡ್ ಕಾನ್‌ಸ್ಟೇಬಲ್ ಜೇಬು ತಡಕಿ ತನ್ನ ಸೀಟಿ ಇಟ್ಟ. ಔಷಧದವನು, ಎಲ್ಲಿಯವರೆಗೆ ಹೋಗುತ್ತದೆ ನೋಡೋಣವೆಂದು, ಟೈ ಬಿಚ್ಚಿ ಇಟ್ಟ. ಹೆಡ್‌ಮಾಸ್ತರು ಆವೇಶ ಬಂದು ತಮ್ಮ ದಪ್ಪ ಕನ್ನಡಕವನ್ನೇ ಇಟ್ಟರು, ಆಮೇಲೆ ಎಲೆಗಳನ್ನು ಮೂಗಿಗೆ ತಾಗಿಸಿಕೊಂಡು, ಕೊನೆಗೆ ಪಕ್ಕದ ಹೆಡ್ ಕಾನ್‌ಸ್ಟೇಬಲನಿಗೆ ತೋರಿಸಿ, "ಇದು ರಾಣಿನಾ, ಗುಲಾಮನಾ?" ಎಂದು ಕೇಳಬೇಕಾಯಿತು.

ಎಲ್ಲರೂ ಗುಮಾಸ್ತರನ್ನು ನೋಡಿದರು.

ಗುಮಾಸ್ತರ ಕೈಯಲ್ಲಿದ್ದ ಒಂಬತ್ತು ಎಲೆಗಳು ರೈಲಿನ ಬೋಗಿಯ ಪ್ರಯಾಣಿಕರಂತೆ ಒಂದಕ್ಕೊಂದು ಪರಿಚಯವಿಲ್ಲದೆ ಕುಳಿತಿದ್ದವು. ಅವು ಒಳ್ಳೆಯವೋ ಕೆಟ್ಟವೋ ಅವರಿಗೆ ತಿಳಿಯದು. ತಿಳಿಯದ್ದರಿಂದ ಅವರ ಮುಖ ನೀರಿಲ್ಲದ ಟ್ಯಾಂಕಿನಷ್ಟು ಶಾಂತವಾಗಿತ್ತು. ಆದರೆ ಕಣ್ಣು ಮೇಜಿನ ನಡುವೆ ಬಿತ್ತು. ವಾಚು, ಪೆನ್ನು, ಸೀಟಿ, ಟೈ, ಒಬ್ಬ ಮುದುಕರ ದೃಷ್ಟಿ. ಒಂದು ಮೊಬೈಲ್ ಅಂಗಡಿಯ ಬ್ಯಾನರು ಎಲ್ಲಿಗೆ ತಂದು ನಿಲ್ಲಿಸಿತು! ಅವರಿಗೆ ಇದ್ದಕ್ಕಿದ್ದಂತೆ ಸಾಕೆನ್ನಿಸಿತು. ಹೆಂಡತಿಯ ಮರ್ಯಾದೆಯೂ ಹೋಗಲಿ, ಗೋದಾಮೇ ಗತಿಯಾಗಲಿ. ಎದ್ದು ನಿಂತರು.

"ಎಲ್ಲರೂ ಕೇಳಿ. ನನಗೆ ಈ ಆಟ ಬರಲ್ಲ. ಯಾವತ್ತೂ ಆಡಿಲ್ಲ. ಅವತ್ತು ಊಟಕ್ಕೆ ಕೂತಾಗ ಜಂಬಕ್ಕೆ ಸುಳ್ಳು ಹೇಳಿದ್ದು. ನನ್ನ ಕೈಲಿರೋದು ಏನು ಅಂತ ನನಗೇ ಗೊತ್ತಿಲ್ಲ. ದಯವಿಟ್ಟು ನಿಮ್ಮ ನಿಮ್ಮ ಸಾಮಾನು ತಗೊಂಡು ಮನೆಗೆ ಹೋಗಿ."

ಷಡ್ಡಕರು ನಿಧಾನವಾಗಿ ಕಪ್ಪು ಕನ್ನಡಕ ತೆಗೆದರು. ಎಲೆಗಳನ್ನು ಬೋರಲು ಇಟ್ಟರು. "ನಾನು ಆಟ ಬಿಟ್ಟೆ," ಎಂದರು. "ಅಬ್ಬಾ, ಏನು ಮುಖ! ಕಣ್ಣಲ್ಲಿ ನೀರೂ ತರಿಸ್ಕೊಂಡ್ರಲ್ಲ!"

"ನಾನು ಮಂಗಳವಾರಾನೇ ನೋಡಿದೀನಿ ಈ ವರಸೆ," ಎಂದು ಸೂಪರಿಂಟೆಂಡೆಂಟರೂ ಬಿಟ್ಟರು. ತಪ್ಪೊಪ್ಪಿಗೆಗಳನ್ನು ಕೇಳಿ ಅನುಭವವಿದ್ದ ಹೆಡ್ ಕಾನ್‌ಸ್ಟೇಬಲ್, "ಇಷ್ಟು ಬೇಗ ಒಪ್ಪಿಕೊಂಡ್ರೆ ಏನೋ ಇದೆ ಅಂತಲೇ ಅರ್ಥ," ಎಂದು ಬಿಟ್ಟ. ಹೆಡ್‌ಮಾಸ್ತರು ಏನೂ ಕಾಣದೆ ಬಿಟ್ಟರು.

ಔಷಧದವನು ಮಾತ್ರ ಬಿಡಲಿಲ್ಲ. "ನಾನು ಅವರ ಮಾತು ನಂಬ್ತೀನಿ," ಎಂದು ತನ್ನ ಎಂಟು ಎಲೆಗಳಲ್ಲಿ ಐದನ್ನು ಆರಿಸಿ ಮೇಜಿನ ಮೇಲೆ ಹರಡಿದ. ಎಲ್ಲ ಕಳಾವರ್, ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಸಾಲಾಗಿ. "ಫ್ಲಷ್. ಅದೂ ಅಂತಿಂಥದ್ದಲ್ಲ. ಜೀವಮಾನದಲ್ಲಿ ಒಂದು ಸಲ ಬರೋದು."

"ಫ್ಲಷ್ಷಾ?" ಷಡ್ಡಕರು ಮುಂದೆ ಬಾಗಿ ನೋಡಿದರು. "ಹದಿನೆಂಟು ವರ್ಷದಿಂದ ನಾನು ಫ್ಲಷ್ ಮಾರ್ತಾ ಇದೀನಿ ಕಣ್ರೀ. ಮೇಜಿನ ಮೇಲೆ ಯಾವತ್ತೂ ನೋಡಿಲ್ಲ."

"ಗುಮಾಸ್ತರ ಎಲೆ ತೋರಿಸಿ ಮೊದಲು," ಎಂದು ಸೂಪರಿಂಟೆಂಡೆಂಟರು ಅವರ ಕೈಯಿಂದ ಕಿತ್ತು ನೋಡಿದರು. "ಎಕ್ಕ ಇದೆಯಲ್ಲ! ಮುಗೀತು."

"ನನ್ನ ಹತ್ರಾನೂ ಎಕ್ಕ ಇದೆ," ಎಂದ ಔಷಧದವನು.

"ನಿಮ್ಮದು ಕಳಾವರ್ ಎಕ್ಕ. ಅವರದ್ದು ಇಸ್ಪೀಟ್ ಎಕ್ಕ. ಆಟದ ಹೆಸರೇ ಇಸ್ಪೀಟು!"

ಕೈ ಎತ್ತಿಸಿ ನೋಡಲಾಗಿ ನಾಲ್ಕು ಮತಗಳಿಂದ ಗುಮಾಸ್ತರು ಗೆದ್ದರು. ಔಷಧದವನು ಎದ್ದು ನಿಂತು, ಇನ್ನೂ ನಂಬಲಾರದೆ ಸೆಕ್ರೆಟರಿಯನ್ನು ಕೇಳಿದ: "ಯಾವ ರೂಲ್ಸ್ ಪ್ರಕಾರ ಇದು?"

ಸೆಕ್ರೆಟರಿ ವಿನಯದಿಂದ ಹೇಳಿದ: "ನೋ ಲಿಮಿಟ್ ಸಾರ್. ರೂಲ್ಸ್ ಅನ್ನೋದೂ ಒಂದು ಲಿಮಿಟ್ಟೇ ಅಲ್ವಾ?"

ಗುಮಾಸ್ತರು ಟೈ ಹಿಡಿದು ಮೆಟ್ಟಿಲಲ್ಲಿ ಅವನ ಹಿಂದೆ ಓಡಿದರು. ಆ ಊರಿನಲ್ಲಿ ಅವರ ಮಾತನ್ನು ನಂಬಿದ ಏಕೈಕ ಮನುಷ್ಯ ಅವನು. "ಸಾರ್, ನಿಜವಾಗಿ ಗೆದ್ದದ್ದು ನೀವೇ ಅಲ್ವಾ?"

ಅವನು ಟೈ ಇಸಿದುಕೊಂಡು ಕೊರಳಿಗೆ ಹಾಕಿಕೊಂಡ. "ಹತ್ತಿ ಬರುವಾಗ ಆಟ ಗೊತ್ತಿತ್ತು," ಎಂದ. "ಈಗ ನನಗೂ ಅನುಮಾನ." ಹೀಗೆಂದು ಬಸ್‌ಸ್ಟಾಂಡಿನ ಕಡೆ ಹೋದ.

ಹೆಡ್‌ಮಾಸ್ತರ ಕನ್ನಡಕವನ್ನು ಅಲ್ಲೇ ಕೊಟ್ಟಾಯಿತು. ಇಲ್ಲದಿದ್ದರೆ ಅವರು ಕೆಳಗೆ ಇಳಿಯುವಂತಿರಲಿಲ್ಲ. ಸೀಟಿಯನ್ನು ಹೆಡ್ ಕಾನ್‌ಸ್ಟೇಬಲ್ ಕೇಳದೆಯೇ ತೆಗೆದುಕೊಂಡು ಹೋಗಿದ್ದ. ಸೋಮವಾರ ಪೆನ್ನು ಹಿಂದಿರುಗಿಸಲು ಹೋದಾಗ ಸೂಪರಿಂಟೆಂಡೆಂಟರು ಅದನ್ನು ಮುಟ್ಟಲಿಲ್ಲ. "ಸೋಲು ತಡ್ಕೊಳ್ಳೋ ಶಕ್ತಿ ನನಗಿದೆ," ಎಂದರು. ಆದರೆ ಆದೇಶಕ್ಕೆ ಸಹಿ ಹಾಕಲು ಬೇರೆ ಪೆನ್ನಿಲ್ಲದೆ ಅದನ್ನೇ ಎರಡು ನಿಮಿಷಕ್ಕೆ ಎರವಲು ಪಡೆದರು. ಗುಮಾಸ್ತರನ್ನು ಗೋದಾಮಿನಿಂದ ಮತ್ತೆ ಕ್ಯಾಷ್ ಕಿಂಡಿಗೆ ಹಾಕುವ ಆದೇಶ ಅದು. ಕಾರಣ ಎಂಬ ಜಾಗದಲ್ಲಿ "ಅದೃಷ್ಟವಂತರು" ಎಂದು ಬರೆದಿದ್ದರು. ಪೆನ್ನು ಮರಳಲಿಲ್ಲ.

ಉಳಿದದ್ದು ವಾಚು. ಬುಧವಾರ ಸಂಜೆ ಷಡ್ಡಕರು, ಅತ್ತಿಗೆ ಇಬ್ಬರೂ ಗುಮಾಸ್ತರ ಎರಡು ಕೋಣೆಯ ಮನೆಗೆ ಬಂದರು. ಹಾಗೆ ಬಂದದ್ದು ಅದೇ ಮೊದಲು. ಗುಮಾಸ್ತರ ಹೆಂಡತಿ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ತಾವು ಎದುರಿಗೆ, ಬೆನ್ನು ನೆಟ್ಟಗೆ ಮಾಡಿ, ತಲೆ ಎತ್ತಿ ಐದು ನಿಮಿಷ ಕುಳಿತರು. ಕುಳಿತದ್ದು ತೃಪ್ತಿಯಾದ ಮೇಲೆ ಅಕ್ಕನನ್ನು ಕರೆದುಕೊಂಡು ಕಾಫಿಗೆಂದು ಒಳಗೆ ಹೋದರು.

ಗುಮಾಸ್ತರು ಮೇಜಿನ ಖಾನೆಯಿಂದ ವಾಚು ತೆಗೆದು ಷಡ್ಡಕರ ಕೈಗಿಟ್ಟರು. ಷಡ್ಡಕರು ಅದನ್ನು ಕಟ್ಟಿಕೊಳ್ಳಲಿಲ್ಲ. ಅಡುಗೆಮನೆಯ ಕಡೆ ಒಮ್ಮೆ ನೋಡಿದರು. ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಒಂದು ಮಾತು ಕೇಳ್ತೀನಿ. ಯಾರಿಗೂ ಹೇಳಬಾರದು."

"ಕೇಳಿ ಅಣ್ಣ."

"ಆ ಆಟದಲ್ಲಿ... ಎಕ್ಕ ದೊಡ್ಡದಾ, ರಾಜ ದೊಡ್ಡದಾ?"

ಗುಮಾಸ್ತರು ಷಡ್ಡಕರ ಮುಖವನ್ನೇ ನೋಡಿದರು. "ನಾನೂ ಅದನ್ನೇ ನಿಮ್ಮನ್ನ ಕೇಳೋಣ ಅಂತಿದ್ದೆ."

"ಅಂದ್ರೆ ನಿಮಗೆ ನಿಜವಾಗ್ಲೂ ಬರಲ್ವಾ?"

"ಎದ್ದು ನಿಂತು ಹೇಳಿದ್ನಲ್ಲ ಅಣ್ಣ! ನೀವು ಆಡ್ತೀನಿ ಅಂದಿದ್ರಲ್ಲ..."

"ಆ ಟೆನಿಸ್ ಅಂಗಳದ ಪಕ್ಕದ ಕ್ಲಬ್ಬಿನ ಬಚ್ಚಲುಮನೆಗೆ ಟೈಲ್ಸ್ ಹಾಕಿಸೋಕೆ ಹೋಗಿದ್ದೆ," ಎಂದರು ಷಡ್ಡಕರು ನೆಲ ನೋಡುತ್ತ. "ಕಿಟಕಿಯಿಂದ ಆಟ ಕಂಡಿತ್ತು. ಸ್ವಲ್ಪ ದೂರ ಬೇರೆ."

ಮೊದಲು ಗುಮಾಸ್ತರ ಹೊಟ್ಟೆ ಅಲುಗಿತು, ಆಮೇಲೆ ಷಡ್ಡಕರದು. ಹದಿನೆಂಟು ವರ್ಷ ಒಬ್ಬರನ್ನೊಬ್ಬರು ಅಳೆಯುತ್ತಲೇ ಬಂದ ಆ ಇಬ್ಬರು ಗಂಡಸರು, ಒಬ್ಬರ ಮಂಡಿಯನ್ನೊಬ್ಬರು ಹಿಡಿದುಕೊಂಡು, ಸದ್ದು ಹೊರಗೆ ಬಾರದಂತೆ ಬಾಯಿಗೆ ಟವೆಲು ಒತ್ತಿಕೊಂಡು ನಕ್ಕರು. ನಗು ತಡೆಯಲಾರದೆ ಷಡ್ಡಕರು ಕುರ್ಚಿಯಿಂದ ಜಾರಿ ನೆಲಕ್ಕೆ ಕುಳಿತರು.

ಆ ಸದ್ದಿಗೆ ಅಕ್ಕತಂಗಿಯರು ಕಾಫಿ ಲೋಟ ಹಿಡಿದುಕೊಂಡೇ ಓಡಿಬಂದರು. "ಏನಾಯ್ತು? ಏನ್ರೀ ಇದು?"

ಷಡ್ಡಕರು ನೆಲದ ಮೇಲೆಯೇ ಬೆನ್ನು ನೆಟ್ಟಗೆ ಮಾಡಿಕೊಂಡು, ವಾಚು ಕಟ್ಟಿಕೊಳ್ಳುತ್ತ ಹೇಳಿದರು: "ಆ ಕೊನೇ ಆಟದ ವಿಚಾರ ಚರ್ಚೆ ಮಾಡ್ತಿದ್ವಿ. ನಿಮಗೆ ಅರ್ಥ ಆಗಲ್ಲ."

"ಬಹಳ ಸೂಕ್ಷ್ಮ ಇದೆ," ಎಂದು ಗುಮಾಸ್ತರು ಕಣ್ಣೊರೆಸಿಕೊಂಡರು.

ಅಕ್ಕ ತಂಗಿಯ ಮುಖ ನೋಡಿದರು, ತಂಗಿ ಅಕ್ಕನ ಮುಖ ನೋಡಿದರು. ಆಮೇಲೆ ಲೋಟಗಳನ್ನು ಮೇಜಿನ ಮೇಲಿಟ್ಟು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಒಳಗೆ ಹೋದರು. ಅಂಥ ದೊಡ್ಡ ಆಟಗಾರರ ಏಕಾಗ್ರತೆಗೆ ಭಂಗ ತರಬಾರದಲ್ಲ.